ಗಿಡುಗದ ಹಸಿವು, ಅರಸನ ವಿನೋದ: ಡೇಗೆಬೇಟೆಯ ಚರಿತ್ರೆ



ಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಶರಣರ ಕಾಲದತ್ತ ಹರಿಯುತ್ತದೆ. ಆದರೆ ಬಸವಣ್ಣನವರು ಬಿಜ್ಜಳನ ಆಳ್ವಿಕೆಯಲ್ಲಿ ಅಲ್ಲಿ ನೆಲೆಸುವ ಮೊದಲೇ ಆ ನಗರವು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿ, ವೈಭವದ ಶಿಖರವನ್ನು ಕಂಡಿತ್ತು. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಆ ಸಿಂಹಾಸನದಲ್ಲಿ ಕುಳಿತು ಸಂಸ್ಕೃತದಲ್ಲಿ ಒಂದು ಬೃಹತ್ ಗ್ರಂಥವನ್ನು ರಚಿಸಿದನು. ಅದೇ 1129ರ ಸುಮಾರಿನ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿರುವ ಈ ಗ್ರಂಥದಲ್ಲಿ ರಾಜನೀತಿಯಿಂದ ಹಿಡಿದು ಅಡುಗೆಯವರೆಗೆ, ಆನೆಯ ಲಕ್ಷಣದಿಂದ ಹಿಡಿದು ಸಂಗೀತದವರೆಗೆ ಅರಸನಾದವನಿಗೆ ಬೇಕಾದುದೆಲ್ಲವೂ ಇದೆ. ಅರಸನ ವಿನೋದಗಳನ್ನು ವರ್ಣಿಸುವ ಭಾಗದಲ್ಲಿ ಮೀನು ಹಿಡಿಯುವ ವಿನೋದ, ಮೃಗಯಾ ವಿನೋದಗಳ ಜೊತೆಯಲ್ಲಿ ‘ಶ್ಯೇನ ವಿನೋದ’ವೆಂಬ ಒಂದು ಅಧ್ಯಾಯವೂ ಇದೆ. ಶ್ಯೇನವೆಂದರೆ ಗಿಡುಗ. ಪಳಗಿಸಿದ ಗಿಡುಗವನ್ನು ಕೈಯ ಮೇಲಿಂದ ಹಾರಿಬಿಟ್ಟು ಬೇಟೆಯಾಡುವ ವಿದ್ಯೆಯೇ ಅದರ ವಿಷಯ.

‘ವಿನೋದ’ ಎಂಬ ಆ ಒಂದು ಪದವನ್ನು ನಾವು ನೆನಪಿನಲ್ಲಿಡೋಣ. ಈ ವಿದ್ಯೆಯ ಚರಿತ್ರೆಯನ್ನೆಲ್ಲ ನೋಡಿದ ಮೇಲೆ ಆ ಪದಕ್ಕೆ ಮತ್ತೆ ಬರಬೇಕಾಗುತ್ತದೆ.

ಇಂದು ನಮ್ಮಲ್ಲಿ ಈ ಬೇಟೆಯನ್ನು ಕಣ್ಣಾರೆ ಕಂಡವರು ಅಪರೂಪ. ಆದರೆ ನಮ್ಮ ಭಾಷೆ ಅದನ್ನು ಮರೆತಿಲ್ಲ. ಡೇಗೆ, ಗಿಡುಗ, ಚಾಣ, ಸಾಳುವ ಎಂದು ಬೇಟೆಯ ಹಕ್ಕಿಗಳಿಗೆ ಕನ್ನಡದಲ್ಲಿ ಹಲವು ಹೆಸರುಗಳುಂಟು. ವಿಜಯನಗರವನ್ನು ಆಳಿದ ಎರಡನೆಯ ಮನೆತನಕ್ಕೆ ‘ಸಾಳುವ’ ಎಂಬ ಹೆಸರು ಬಂದುದು ಈ ಹಕ್ಕಿಯಿಂದಲೇ. 1485ರಲ್ಲಿ ಪಟ್ಟವೇರಿದ ಸಾಳುವ ನರಸಿಂಹನ ಹೆಸರನ್ನು ಉಚ್ಚರಿಸುವಾಗಲೆಲ್ಲ ನಾವು ಅರಿಯದೆಯೇ ಒಂದು ಬೇಟೆಯ ಗಿಡುಗವನ್ನು ನೆನೆಯುತ್ತೇವೆ. ಶತ್ರುವಿನ ಮೇಲೆ ಎರಗುವ ವೀರನಿಗೆ ಇದಕ್ಕಿಂತ ತಕ್ಕ ಉಪಮಾನವನ್ನು ಆ ಕಾಲದವರು ಕಾಣಲಿಲ್ಲವೆಂದು ತೋರುತ್ತದೆ.

ಈ ವಿದ್ಯೆ ಎಲ್ಲಿ ಹುಟ್ಟಿತು? ಪಶ್ಚಿಮ ಏಷ್ಯಾದಲ್ಲಿ ಎನ್ನುವವರುಂಟು, ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಎನ್ನುವವರೂ ಉಂಟು. ಎರಡು ಸಾವಿರ ವರ್ಷಗಳಿಗಿಂತ ಹಳೆಯದೆಂಬುದರಲ್ಲಿ ಸಂಶಯವಿಲ್ಲ. ಪಾರಸಿಕ ದೊರೆಯ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೇಸಿಯಸನೆಂಬ ಗ್ರೀಕನು ಕ್ರಿಸ್ತಪೂರ್ವ 400ರ ಸುಮಾರಿನಲ್ಲಿ ಭಾರತವನ್ನು ಕುರಿತು ಬರೆಯುತ್ತ, ಇಲ್ಲಿಯ ಒಂದು ಜನಾಂಗವು ನಾಯಿಗಳ ಬದಲು ಹದ್ದು ಕಾಗೆಗಳಿಂದ ಮೊಲ ಮತ್ತು ನರಿಗಳನ್ನು ಬೇಟೆಯಾಡುತ್ತದೆ ಎಂದಿದ್ದಾನೆ. ಅವನು ಭಾರತಕ್ಕೆ ಬಂದವನಲ್ಲ. ಕೇಳಿದ ಮಾತುಗಳನ್ನು ಬರೆದವನು. ಆದರೂ ಪಾರಸಿಕರ ನಾಡಿನಲ್ಲಿ ಆಗಲೇ ಭಾರತದ ಹಕ್ಕಿಬೇಟೆಯ ಕಥೆ ಹಬ್ಬಿತ್ತೆಂಬುದು ಇದರಿಂದ ತಿಳಿಯುತ್ತದೆ. ಪೂರ್ವದಲ್ಲಿ 720ರಲ್ಲಿ ಪೂರ್ಣಗೊಂಡ ಜಪಾನಿನ ‘ನಿಹೊನ್ ಶೋಕಿ’ ಎಂಬ ಚರಿತ್ರೆಯು, ಕೊರಿಯದ ಬೇಕ್ಜೆ ನಾಡಿನವನೊಬ್ಬನು ತಮ್ಮ ಚಕ್ರವರ್ತಿಗಾಗಿ ಗಿಡುಗವನ್ನು ಪಳಗಿಸಿಕೊಟ್ಟ ವೃತ್ತಾಂತವನ್ನು ಹೇಳುತ್ತದೆ. ಹೀಗೆ ಜಪಾನಿನಿಂದ ಯುರೋಪಿನವರೆಗೆ ಒಂದೇ ವಿದ್ಯೆ ಕೈಯಿಂದ ಕೈಗೆ ದಾಟುತ್ತ ಹೋಯಿತು.

ಇನ್ನು ಆ ವಿದ್ಯೆಯ ಒಳಗನ್ನು ನೋಡೋಣ. ನಾಯಿ, ಕುದುರೆ, ಆನೆಗಳೆಲ್ಲ ಹಿಂಡಿನಲ್ಲಿ ಬಾಳುವ ಪ್ರಾಣಿಗಳು. ಹಿಂಡಿನ ಹಿರಿಯನಿಗೆ ತಲೆಬಾಗುವ ಗುಣ ಅವುಗಳ ಹುಟ್ಟಿನಲ್ಲಿಯೇ ಇರುವುದರಿಂದ, ಮನುಷ್ಯನು ಆ ಹಿರಿಯನ ಸ್ಥಾನದಲ್ಲಿ ನಿಂತು ಅವುಗಳನ್ನು ಆಳಬಲ್ಲನು. ಗಿಡುಗವಾದರೋ ಬಹುಮಟ್ಟಿಗೆ ಏಕಾಂಗಿ. ಅದಕ್ಕೆ ಒಡೆಯನೆಂಬ ಕಲ್ಪನೆಯೇ ಇಲ್ಲ. ಅದನ್ನು ಹೊಡೆದು ಬಡಿದು ಕಲಿಸುವುದು ಸಾಧ್ಯವಿಲ್ಲ. ಒಮ್ಮೆ ಗದರಿಸಿದರೂ ಕೂಡಿಬಂದ ನಂಬಿಕೆ ಮುರಿಯುತ್ತದೆ. ಬೇಟೆಗೆ ಬಿಟ್ಟಾಗ ಅದರ ಕಾಲಿಗೆ ಯಾವ ಹಗ್ಗವೂ ಇರುವುದಿಲ್ಲ. ಹಾರಿಹೋದರೆ ಹೋದಂತೆಯೇ. ಪ್ರತಿ ಸಲವೂ ಅದು ಮರಳಿ ಬಂದರೆ ತನ್ನ ಇಚ್ಛೆಯಿಂದಲೇ ಬರಬೇಕು. ಹಾಗಿರಲು ಅದು ಬರುವುದಾದರೂ ಏಕೆ?

ಇದಕ್ಕೆ ಎರಡು ಕಾರಣಗಳು: ಹಸಿವು ಮತ್ತು ರೂಢಿಯಿಂದ ಬಂದ ನಂಬಿಕೆ. ಹೊಸದಾಗಿ ಹಿಡಿದ ಹಕ್ಕಿಯ ತಲೆಗೆ ಮೊದಲು ಚರ್ಮದ ಕುಲಾವಿಯನ್ನು ತೊಡಿಸುತ್ತಾರೆ. ನೋಟವೇ ಭಯಕ್ಕೆ ಮೂಲವಾದ ಹಕ್ಕಿಯು ಕಣ್ಣು ಮುಚ್ಚಿದೊಡನೆ ಶಾಂತವಾಗುತ್ತದೆ. ಕಾಲುಗಳಿಗೆ ಮೃದುವಾದ ಚರ್ಮದ ಪಟ್ಟಿಗಳನ್ನೂ ಸಣ್ಣ ಗೆಜ್ಜೆಗಳನ್ನೂ ಕಟ್ಟುತ್ತಾರೆ. ಪೊದೆಗಳ ನಡುವೆ ಇಳಿದ ಹಕ್ಕಿ ಎಲ್ಲಿದೆಯೆಂಬುದನ್ನು ಗೆಜ್ಜೆಯ ಸದ್ದು ತಿಳಿಸುತ್ತದೆ. ಬಳಿಕ ಕೈಗವಸು ತೊಟ್ಟ ಮುಷ್ಟಿಯ ಮೇಲೆ ಅದನ್ನು ಕೂರಿಸಿಕೊಂಡು ಗಂಟೆಗಟ್ಟಲೆ ತಿರುಗಬೇಕು, ರಾತ್ರಿಯೆಲ್ಲ ಎಚ್ಚರವಿರಬೇಕು. ಮನುಷ್ಯನ ಮುಖ, ಮಾತು, ದೀಪ, ನಾಯಿ, ಜನಸಂದಣಿ ಇವೆಲ್ಲವೂ ಅಪಾಯವಲ್ಲವೆಂದು ಅದಕ್ಕೆ ಮನವರಿಕೆಯಾಗುವವರೆಗೆ ಈ ಕಾವಲು ನಡೆಯಬೇಕು. ಒಂದು ದಿನ ಆ ಹಕ್ಕಿಯು ತಲೆ ತಗ್ಗಿಸಿ ಮುಷ್ಟಿಯ ಮೇಲಿನ ಮಾಂಸವನ್ನು ಕಚ್ಚುತ್ತದೆ. ಶತ್ರುವಿನ ಎದುರಿನಲ್ಲಿ ತಲೆ ತಗ್ಗಿಸುವ ಹಕ್ಕಿ ಯಾವುದೂ ಇಲ್ಲ. ಆದುದರಿಂದ ಆ ಮೊದಲ ತುತ್ತು ಪಳಗಿಸುವವನ ಪಾಲಿಗೆ ದೊಡ್ಡ ಘಟ್ಟ.

ಮುಂದೆ ಒಂದು ಗೇಣು ದೂರದಿಂದ ಮುಷ್ಟಿಗೆ ಜಿಗಿಯುವುದು, ಆಮೇಲೆ ಕೆಲವು ಮಾರು ದೂರದಿಂದ, ಆಮೇಲೆ ಉದ್ದವಾದ ದಾರ ಕಟ್ಟಿ ಹೊಲದ ಆ ತುದಿಯಿಂದ ಈ ತುದಿಗೆ. ಹಗ್ಗದ ಕೊನೆಗೆ ರೆಕ್ಕೆಗಳನ್ನು ಕಟ್ಟಿ ತಿರುಗಿಸುವ ಆಮಿಷವನ್ನು ಕಂಡು ಇಳಿಯುವುದನ್ನೂ ಕಲಿಸುತ್ತಾರೆ. ಕಡೆಗೆ ದಾರವನ್ನು ಬಿಚ್ಚುವ ದಿನ ಬರುತ್ತದೆ. ಅಂದು ಪಳಗಿಸಿದವನ ಸಾಧನೆಯೆಲ್ಲವೂ ಒಂದು ಹಾರಾಟದಲ್ಲಿ ಪರೀಕ್ಷೆಗೊಳಗಾಗುತ್ತದೆ. ಇದರಲ್ಲಿ ಹಕ್ಕಿಯ ತೂಕವೇ ಗುಟ್ಟು. ಪೆರೆಗ್ರಿನ್ ಚಾಣದ ಗಂಡು ಸುಮಾರು 600 ಗ್ರಾಂ, ಹೆಣ್ಣು ಸುಮಾರು 900 ಗ್ರಾಂ ತೂಗುತ್ತದೆ. ಈ ಜಾತಿಗಳಲ್ಲಿ ಹೆಣ್ಣೇ ದೊಡ್ಡದು, ಹೆಣ್ಣೇ ಬಲಶಾಲಿ. ಹೊಟ್ಟೆ ತುಂಬಿದ ಹಕ್ಕಿ ಮರದ ಮೇಲೆ ಕುಳಿತು ಕರೆಯುವವನನ್ನು ಗಮನಿಸುವುದೇ ಇಲ್ಲ. ಸೊರಗಿದ ಹಕ್ಕಿ ಹಾರಲಾರದು. ಇವೆರಡರ ನಡುವಿನ ಅಂತರ ಕೆಲವೇ ಗ್ರಾಂಗಳಷ್ಟು. ಇಂದಿನವರು ದಿನವೂ ತಕ್ಕಡಿಯಲ್ಲಿ ತೂಗುತ್ತಾರೆ. ಹಿಂದಿನವರು ಎದೆಯ ಮೂಳೆಯ ಇಕ್ಕೆಲದ ಮಾಂಸವನ್ನು ಬೆರಳಿನಿಂದ ಮುಟ್ಟಿಯೇ ಅರಿಯುತ್ತಿದ್ದರು. ಹಾರುವಾಗ ಗರಿ ಮುರಿದರೆ, ಹಿಂದೆ ಉದುರಿದ ಗರಿಯನ್ನು ಕೂಡಿಟ್ಟು, ಸಣ್ಣ ಸೂಜಿಯ ಆಸರೆಯಿಂದ ಮುರಿದ ಕಡೆ ಜೋಡಿಸಿ ಮತ್ತೆ ಹಾರುವಂತೆ ಮಾಡುತ್ತಿದ್ದರು. ಎತ್ತರದಿಂದ ಎರಗುವಾಗ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗವನ್ನು ಮುಟ್ಟುವ ಹಕ್ಕಿಗೆ ಒಂದು ಗರಿಯ ಕೊರತೆಯೂ ಸಣ್ಣದಲ್ಲ.

ಈ ತಾಳ್ಮೆಯ ಮಗ್ಗುಲಲ್ಲಿಯೇ ಕ್ರೌರ್ಯವೂ ಇತ್ತೆಂಬುದನ್ನು ಮರೆಮಾಚಬಾರದು. ಕುಲಾವಿ ಬಳಕೆಗೆ ಬರುವ ಮೊದಲು, ಹಲವೆಡೆ ಅನಂತರವೂ, ಹೊಸದಾಗಿ ಹಿಡಿದ ಹಕ್ಕಿಯ ಕೆಳರೆಪ್ಪೆಗೆ ದಾರ ಪೋಣಿಸಿ ಮೇಲಕ್ಕೆಳೆದು ಕಟ್ಟಿ ಕಣ್ಣನ್ನೇ ಮುಚ್ಚುತ್ತಿದ್ದರು. ಪಳಗಿದಂತೆಲ್ಲ ಆ ದಾರವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಿದ್ದರು.

ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಮೊದಲಿಗೆ ನಿಲ್ಲುವವನು ಪವಿತ್ರ ರೋಮನ್ ಚಕ್ರವರ್ತಿಯಾಗಿದ್ದ ಎರಡನೆಯ ಫ್ರೆಡರಿಕ್. ಸಿಸಿಲಿಯಲ್ಲಿ ಬೆಳೆದ ಅವನು ಅರಬ್ಬೀ ಪಂಡಿತರನ್ನು ಕರೆಸಿ, ಅವರ ಗ್ರಂಥಗಳನ್ನು ಲ್ಯಾಟಿನ್ನಿಗೆ ಅನುವಾದ ಮಾಡಿಸಿ, ಕುಲಾವಿಯ ಬಳಕೆಯನ್ನು ಅವರಿಂದಲೇ ಕಲಿತನು. 1240ರ ದಶಕದಲ್ಲಿ ಅವನು ಲ್ಯಾಟಿನ್ನಿನಲ್ಲಿ ಬರೆದ ‘ಹಕ್ಕಿಗಳಿಂದ ಬೇಟೆಯಾಡುವ ಕಲೆ’ ಎಂಬ ಗ್ರಂಥವು ಪಕ್ಷಿಶಾಸ್ತ್ರದ ಇತಿಹಾಸದಲ್ಲಿಯೇ ಒಂದು ಮೈಲಿಗಲ್ಲು. ಅರಿಸ್ಟಾಟಲನ ಮಾತೆಂದರೆ ಮರುಮಾತಿಲ್ಲವೆಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ ಅವನು, ಅರಿಸ್ಟಾಟಲನು ಹಕ್ಕಿಬೇಟೆಯನ್ನು ಅಪರೂಪಕ್ಕೂ ಆಡಿದವನಲ್ಲ, ಆದುದರಿಂದ ಅವನ ಮಾತನ್ನು ಎಲ್ಲೆಡೆಯೂ ಒಪ್ಪಲಾಗದು ಎಂದು ಧೈರ್ಯವಾಗಿ ಬರೆದನು. ರಣಹದ್ದು ಆಹಾರವನ್ನು ವಾಸನೆಯಿಂದ ಕಂಡುಕೊಳ್ಳುತ್ತದೆಯೋ ಕಣ್ಣಿನಿಂದಲೋ ಎಂಬುದನ್ನು ತಿಳಿಯಲು ಅವುಗಳ ಕಣ್ಣು ಮುಚ್ಚಿಸಿ ಮಾಂಸವನ್ನಿಟ್ಟು ನೋಡಿದನು. ಕೆಲವು ಬಾತುಗಳು ಸಮುದ್ರದಲ್ಲಿ ತೇಲುವ ಮರದ ದಿಮ್ಮಿಯಿಂದ ಹುಟ್ಟುತ್ತವೆಂಬ ಜನರ ನಂಬಿಕೆಯನ್ನು, ಅಂಥ ದಿಮ್ಮಿಗಳನ್ನೇ ತರಿಸಿ ಪರೀಕ್ಷಿಸಿ ತಳ್ಳಿಹಾಕಿದನು. ಕಂಡು ನಂಬಬೇಕೆಂಬ ಈ ಹಟ ಗೌರವಕ್ಕೆ ಪಾತ್ರವಾದುದು.

ಆದರೆ ಅದೇ ಚಕ್ರವರ್ತಿಯ ಚರಿತ್ರೆಯಲ್ಲಿ ಇನ್ನೊಂದು ಪುಟವೂ ಇದೆ. 1247ರಿಂದ ಅವನು ಇಟಲಿಯ ಪಾರ್ಮಾ ನಗರಕ್ಕೆ ಮುತ್ತಿಗೆ ಹಾಕಿ, ಅದರ ಹೊರಗೆ ‘ವಿಜಯ’ವೆಂಬ ಅರ್ಥದ ಹೆಸರಿಟ್ಟು ಒಂದು ಪಾಳೆಯ ಪಟ್ಟಣವನ್ನೇ ಕಟ್ಟಿಸಿದ್ದನು. 1248ರ ಫೆಬ್ರವರಿಯಲ್ಲಿ ಒಂದು ದಿನ ಅವನು ಪಾಳೆಯವನ್ನು ಬಿಟ್ಟು ಗಿಡುಗಗಳೊಡನೆ ಬೇಟೆಗೆ ಹೋಗಿದ್ದಾಗ, ನಗರದೊಳಗೆ ಹಸಿದು ಕುಳಿತಿದ್ದ ಜನರು ಬಾಗಿಲು ತೆರೆದು ಹೊರಬಿದ್ದು ಪಾಳೆಯವನ್ನು ಸುಟ್ಟರು. ಬೊಕ್ಕಸ ಹೋಯಿತು, ಕಿರೀಟ ಹೋಯಿತು, ಚಕ್ರವರ್ತಿಯು ಅಕ್ಕರೆಯಿಂದ ಮಾಡಿಸಿಕೊಂಡಿದ್ದ ಹಕ್ಕಿಬೇಟೆಯ ಗ್ರಂಥದ ಪ್ರತಿಯೂ ಲೂಟಿಯಲ್ಲಿ ಹೋಯಿತು. ಇಂದು ವ್ಯಾಟಿಕನ್ ಗ್ರಂಥಾಲಯದಲ್ಲಿರುವುದು ಅವನ ಮಗ ಮ್ಯಾನ್‌ಫ್ರೆಡನು ಆಮೇಲೆ ಸಿದ್ಧಪಡಿಸಿದ ಸಚಿತ್ರ ಪ್ರತಿ. ವಿನೋದಕ್ಕೆ ಎಷ್ಟು ಬೆಲೆ ತೆರಬೇಕಾದೀತೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ದೇಶದಲ್ಲಿ 16ನೆಯ ಶತಮಾನದಲ್ಲಿ ಹಿಮಾಲಯದ ತಪ್ಪಲಿನ ಕುಮಾವೂ ರಾಜ್ಯದ ಅರಸನಾದ ರುದ್ರದೇವನು ‘ಶ್ಯೈನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದನು. ಹರಪ್ರಸಾದ ಶಾಸ್ತ್ರಿಗಳು ಅದನ್ನು ಸಂಪಾದಿಸಿ, 1910ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮೂಲಕ ಪ್ರಕಟಿಸಿದರು. ಗಿಡುಗಗಳ ಜಾತಿ, ಆಹಾರ, ಶಿಕ್ಷಣ, ರೋಗ, ಚಿಕಿತ್ಸೆಗಳನ್ನೆಲ್ಲ ಹೇಳುವ ಈ ಗ್ರಂಥವು ಆರಂಭವಾಗುವುದು ಹಕ್ಕಿಯಿಂದಲ್ಲ, ವ್ಯಸನಗಳ ವಿಚಾರದಿಂದ. ಧರ್ಮಶಾಸ್ತ್ರಗಳು ಅರಸನು ತೊರೆಯಬೇಕಾದ ವ್ಯಸನಗಳ ಸಾಲಿನಲ್ಲಿ ಬೇಟೆಯನ್ನೂ ಎಣಿಸಿವೆ. ರುದ್ರದೇವನು ಅದಕ್ಕೆ ಉತ್ತರವನ್ನು ಹುಡುಕುತ್ತಾನೆ. ಮಿತಿಯರಿತು ಸೇವಿಸಿದರೆ ಇವು ದೋಷವಲ್ಲ, ಲಾಭಕ್ಕೂ ಕಾರಣವಾಗುತ್ತವೆ ಎಂದು ವಾದಿಸುತ್ತಾನೆ. ಅವನ ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಗಿಡುಗವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಅರಸನಿಗೂ ಸಮರ್ಥನೆಯೊಂದು ಬೇಕೆನಿಸಿತೆಂಬುದು ಗಮನಾರ್ಹ.

ಮೊಗಲರ ಆಸ್ಥಾನದಲ್ಲಿ ಈ ವಿನೋದವು ಒಂದು ಇಲಾಖೆಯೇ ಆಯಿತು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಬೇಟೆಯ ಹಕ್ಕಿಗಳ ಬೆಲೆ, ಅವುಗಳ ದಿನದ ಆಹಾರ, ನೋಡಿಕೊಳ್ಳುವವರ ಸಂಬಳಗಳ ವಿವರಗಳಿವೆ. ಜಹಾಂಗೀರನು ತನ್ನ ಆತ್ಮಕಥೆಯಲ್ಲಿ 1619ರ ಒಂದು ಘಟನೆಯನ್ನು ಬರೆದಿದ್ದಾನೆ. ಪಾರಸಿಕ ದೊರೆ ಷಾ ಅಬ್ಬಾಸನು ಉಡುಗೊರೆಯಾಗಿ ಕಳುಹಿಸಿದ ಅಪೂರ್ವ ಗಿಡುಗವೊಂದನ್ನು ದಾರಿಯಲ್ಲಿ ಕಾವಲುಗಾರನ ಅಜಾಗ್ರತೆಯಿಂದ ಬೆಕ್ಕು ಘಾಸಿಗೊಳಿಸಿತು. ಹಕ್ಕಿಯು ಆಸ್ಥಾನವನ್ನು ಮುಟ್ಟಿದರೂ ಒಂದು ವಾರಕ್ಕಿಂತ ಹೆಚ್ಚು ಬದುಕಲಿಲ್ಲ. ಅದರ ಚೆಲುವಿಗೆ ಮಾರುಹೋದ ಚಕ್ರವರ್ತಿಯು ಉಸ್ತಾದ್ ಮನ್ಸೂರನೆಂಬ ಚಿತ್ರಕಾರನಿಂದ ಅದರ ರೂಪವನ್ನು ಬರೆಯಿಸಿ ಉಳಿಸಿಕೊಂಡನು.

ಇಲ್ಲಿ ಒಂದು ವಿಷಯವನ್ನು ವಿಚಾರ ಮಾಡಬೇಕು. ಸೋಮೇಶ್ವರ, ಫ್ರೆಡರಿಕ್, ರುದ್ರದೇವ, ಜಹಾಂಗೀರ ಇವರೆಲ್ಲರ ಹೆಸರು ಉಳಿದಿದೆ. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಹಕ್ಕಿಯನ್ನು ಕೈಯಲ್ಲಿ ಹೊತ್ತು ತಿರುಗಿದವರು, ಬಲೆ ಹಾಕಿ ಬಿಸಿಲಿನಲ್ಲಿ ಕಾದವರು, ಎದೆಮೂಳೆಯನ್ನು ಮುಟ್ಟಿ ತೂಕವನ್ನರಿತವರು ಯಾರು? ಅರಸನು ಗ್ರಂಥದಲ್ಲಿ ಬರೆದ ವಿದ್ಯೆಯ ಬಹುಪಾಲು ಅವರ ಕೈಬೆರಳುಗಳಲ್ಲಿತ್ತು. ಸೋಮೇಶ್ವರನು ‘ಶ್ಯೇನ ವಿನೋದ’ವನ್ನು ಬರೆದ ಕಲ್ಯಾಣದಲ್ಲಿಯೇ ಕೆಲವು ದಶಕಗಳ ಬಳಿಕ ದುಡಿಯುವವರ ದುಡಿಮೆಗೆ ಕಾಯಕವೆಂಬ ಹಿರಿಯ ಹೆಸರು ದೊರೆಯಿತು; ಅಂಬಿಗ, ಮಡಿವಾಳ, ಮಾದಾರರು ತಮ್ಮ ವೃತ್ತಿಯ ಹೆಸರಿನೊಡನೆಯೇ ಚರಿತ್ರೆಯಲ್ಲಿ ನಿಂತರು. ಗಿಡುಗವನ್ನು ಪಳಗಿಸಿದವರ ಪಾಲಿಗೆ ಜಗತ್ತಿನ ಬಹುತೇಕ ಕಡೆಗಳಲ್ಲಿ ಆ ಭಾಗ್ಯ ಬರಲಿಲ್ಲ. ಅರಸನಿಗೆ ವಿನೋದವಾದುದು ಅವರಿಗೆ ಹೊಟ್ಟೆಪಾಡಾಗಿತ್ತು.

ಉತ್ತರ ಭಾರತದಲ್ಲಿ ಅಂಥವರನ್ನು ಮೀರ್‌ಶಿಕಾರರೆಂದು ಕರೆಯುತ್ತಿದ್ದರು. ನವಾಬರೂ ಮಹಾರಾಜರೂ ಹೋದ ಮೇಲೆ ಅವರ ವಿದ್ಯೆಗೆ ಆಶ್ರಯ ತಪ್ಪಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡಿನ ಹಕ್ಕಿಗಳನ್ನು ಹಿಡಿಯುವುದನ್ನು ತಡೆಯಿತು. ಅದು ಆಗಬೇಕಾದುದೇ ಆಗಿತ್ತು. ಆದರೆ ಅದಕ್ಕೂ ಮೊದಲೇ ಅವರ ವಿದ್ಯೆಗೆ ಇನ್ನೊಂದು ದಾರಿ ತೆರೆದಿತ್ತು. ಡಾ. ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಪ್ರಯಾಣವನ್ನು ಅರಿಯುವ ಕಾರ್ಯವನ್ನು ಕೈಗೊಂಡಾಗ, ಹಕ್ಕಿಗಳಿಗೆ ಗಾಯವಾಗದಂತೆ ಹಿಡಿದುಕೊಟ್ಟವರಲ್ಲಿ ಬಿಹಾರದ ಮೀರ್‌ಶಿಕಾರರು ಮುಖ್ಯರು. ಕೊಲ್ಲುವುದಕ್ಕಾಗಿ ಕಲಿತ ಬಲೆಯ ವಿದ್ಯೆ ಬಿಟ್ಟುಬಿಡುವುದಕ್ಕಾಗಿ ಹಿಡಿಯುವ ವಿದ್ಯೆಯಾಯಿತು.

ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಇಂಥದೇ ಪರಿವರ್ತನೆ ಅಮೆರಿಕದಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ಬಳಿಕ ಡಿಡಿಟಿ ಎಂಬ ಕೀಟನಾಶಕವನ್ನು ಹೊಲಗಳಿಗೆ ಯಥೇಚ್ಛವಾಗಿ ಸುರಿದರು. ಕೀಟವನ್ನು ತಿಂದ ಸಣ್ಣ ಹಕ್ಕಿ, ಆ ಹಕ್ಕಿಯನ್ನು ತಿಂದ ಚಾಣ, ಹೀಗೆ ವಿಷವು ಮೇಲೇರುತ್ತ ಸಾಂದ್ರವಾಯಿತು. ಇಂಗ್ಲೆಂಡಿನ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿಯು ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಗಳನ್ನೂ ಹೊಸ ಮೊಟ್ಟೆಗಳನ್ನೂ ಹೋಲಿಸಿ, 1940ರ ದಶಕದ ಕೊನೆಯಿಂದ ಚಾಣದ ಮೊಟ್ಟೆಯ ಚಿಪ್ಪು ತೆಳುವಾಗಿದೆಯೆಂದು 1967ರಲ್ಲಿ ಪ್ರಕಟಿಸಿದನು. ಕಾವು ಕೊಡುವ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1960ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವ ಪೆರೆಗ್ರಿನ್ ಚಾಣವೇ ಉಳಿದಿರಲಿಲ್ಲ.

ಆಗ ಮುಂದೆ ಬಂದವರಲ್ಲಿ ಹಕ್ಕಿಬೇಟೆಯವರೇ ಪ್ರಮುಖರು. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಸ್ವತಃ ಗಿಡುಗ ಪಳಗಿಸುವವನೂ ಆಗಿದ್ದ ಟಾಮ್ ಕೇಡ್ 1970ರಲ್ಲಿ ‘ಪೆರೆಗ್ರಿನ್ ಫಂಡ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಬೇಟೆಗಾರರು ಸಾಕಿದ್ದ ಚಾಣಗಳಿಂದಲೇ ಮರಿ ಮಾಡಿಸಿದರು. ಮರಿಗಳನ್ನು ಎತ್ತರದ ಬಂಡೆ ಅಥವಾ ಗೋಪುರದ ಮೇಲಿನ ಪೆಟ್ಟಿಗೆಯಲ್ಲಿಟ್ಟು, ಮನುಷ್ಯನ ಮುಖ ಕಾಣದಂತೆ ಆಹಾರ ನೀಡುತ್ತ, ತಾವೇ ಬೇಟೆ ಕಲಿಯುವವರೆಗೆ ಕಾಯುವ ಕ್ರಮವು ಹಳೆಯ ಹಕ್ಕಿಬೇಟೆಯವರಿಂದಲೇ ಬಂದುದು. 1972ರಲ್ಲಿ ಅಮೆರಿಕವು ಡಿಡಿಟಿಯನ್ನು ನಿಷೇಧಿಸಿತು. ಸಾವಿರಾರು ಮರಿಗಳು ಆಕಾಶಕ್ಕೆ ಮರಳಿದವು. 1999ರಲ್ಲಿ ಆ ಹಕ್ಕಿಯ ಹೆಸರನ್ನು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು.

ಆದರೂ ಎಲ್ಲವೂ ಸರಿಯಾಯಿತೆಂದು ಹೇಳುವಂತಿಲ್ಲ. ಅರಬ್ಬರ ಅಚ್ಚುಮೆಚ್ಚಿನ ಸೇಕರ್ ಗಿಡುಗವು ಇಂದು ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಬೇಟೆಗಾಗಿ ಹಿಡಿದು ಮಾರುವುದೂ ಒಂದು ಕಾರಣ. ಹಿಂದೆ ಮರುಭೂಮಿಯ ಬೆದುವಿನರು ಶರತ್ಕಾಲದಲ್ಲಿ ವಲಸೆ ಬರುವ ಗಿಡುಗವನ್ನು ಹಿಡಿದು, ಚಳಿಗಾಲವೆಲ್ಲ ಅದರಿಂದ ಮಾಂಸವನ್ನು ಸಂಪಾದಿಸಿಕೊಂಡು, ವಸಂತದಲ್ಲಿ ಬಿಟ್ಟುಬಿಡುತ್ತಿದ್ದರು. ಮಂಗೋಲಿಯಾದ ಕಜಾಕರು ತಾವು ಪಳಗಿಸಿದ ಹೊನ್ನಹದ್ದನ್ನು ಕೆಲವು ವರ್ಷಗಳ ಬಳಿಕ ಸಂತಾನ ಬೆಳೆಸಲೆಂದು ಬೆಟ್ಟಕ್ಕೆ ಒಯ್ದು ಬಿಡುವುದು ಇಂದಿಗೂ ಅವರ ಸಂಪ್ರದಾಯ. ಬಡವನ ಬೇಟೆಗೆ ಹೀಗೆ ಒಂದು ಮಿತಿಯಿತ್ತು. ಹಣವಂತನ ಹವ್ಯಾಸಕ್ಕೆ ಅದು ಉಳಿಯಲಿಲ್ಲ. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಹನ್ನೊಂದು ದೇಶಗಳ ಕೋರಿಕೆಯಂತೆ ಹಕ್ಕಿಬೇಟೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ವೇಳೆಗೆ ಆ ದೇಶಗಳ ಸಂಖ್ಯೆ 24ಕ್ಕೆ ಏರಿತು. ಹಿಂಸೆಯಿಂದ ಕೂಡಿದುದನ್ನು ಪರಂಪರೆಯೆಂದು ಗೌರವಿಸಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇದಕ್ಕೆ ಶಿಬಿ ಚಕ್ರವರ್ತಿಯ ಕಥೆ ಬೆಳಕು ನೀಡುತ್ತದೆ. ಪಾರಿವಾಳವು ಶರಣು ಬಂದಾಗ ಅದನ್ನಟ್ಟಿ ಬಂದ ಗಿಡುಗವು ದೊರೆಯನ್ನು ನ್ಯಾಯ ಕೇಳುತ್ತದೆ: ಅದನ್ನು ಉಳಿಸಿ ನನ್ನನ್ನೂ ನನ್ನ ಮರಿಗಳನ್ನೂ ಉಪವಾಸ ಕೆಡವುವುದು ಯಾವ ಧರ್ಮ? ಶಿಬಿಯು ಗಿಡುಗವನ್ನು ಪಾಪಿಯೆಂದು ಬೈಯಲಿಲ್ಲ. ಅದರ ಹಸಿವನ್ನು ಒಪ್ಪಿಕೊಂಡು ತನ್ನ ತೊಡೆಯ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದನು. ಕಥೆಯ ತಿರುಳು ಇದು: ಹಸಿದ ಹಕ್ಕಿಯ ಬೇಟೆಯಲ್ಲಿ ದೋಷವಿಲ್ಲ. ಅದರ ಹಸಿವನ್ನು ಅಳೆದು ತೂಗಿ, ತನ್ನ ಸಂತೋಷಕ್ಕಾಗಿ ಇನ್ನೊಂದು ಜೀವದ ಮೇಲೆ ಬಿಡುವವನು ಮಾತ್ರ ಉತ್ತರ ಹೇಳಬೇಕಾದವನು. ‘ವಿನೋದ’ವೆಂಬ ಪದದ ಭಾರವೆಲ್ಲ ಇಲ್ಲಿದೆ. ಅರಸನ ವಿನೋದವು ಅರಸನೊಡನೆ ಹೋಗಲಿ. ಆದರೆ ಹೊಡೆಯದೆ ಬಡಿಯದೆ ಒಂದು ಕಾಡುಜೀವದ ನಂಬಿಕೆಯನ್ನು ಗಳಿಸುವ ತಾಳ್ಮೆ, ಮುಟ್ಟಿ ಅರಿಯುವ ಬೆರಳು, ಕಂಡು ನಂಬುವ ಬುದ್ಧಿ, ಕಾಲ ಬಂದಾಗ ಬಿಟ್ಟುಕೊಡುವ ಮನಸ್ಸು ಇವುಗಳನ್ನು ಕಳೆದುಕೊಳ್ಳಬಾರದು. ಅಳಿದೇಹೋಗುತ್ತಿದ್ದ ಚಾಣವನ್ನು ಆಕಾಶಕ್ಕೆ ಮರಳಿಸಿದ್ದು ಆ ಗುಣಗಳೇ.

ನಮ್ಮ ನಾಡಿನ ಬೆಟ್ಟಗಳ ಕಡಿದಾದ ಬಂಡೆಗಳಲ್ಲಿ ಶಾಹೀನ್ ಚಾಣವು ಇಂದಿಗೂ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ಉತ್ತರದ ಅದರ ಬಂಧುಗಳು ನಮ್ಮ ಕೆರೆಗಳಿಗೂ ಬರುತ್ತವೆ. ಬೆಟ್ಟದ ಗುಡಿಗಳಿಗೆ ಯಾತ್ರೆ ಹೋಗುವ ಸದ್ಭಕ್ತರು ಬಂಡೆಯ ಗೂಡಿನ ಬಳಿ ಗದ್ದಲ ಮಾಡದೆ, ಪಟಾಕಿ ಸುಡದೆ, ಕಲ್ಲೆಸೆಯುವ ಮಕ್ಕಳಿಗೆ ಬುದ್ಧಿ ಹೇಳಿ ಮುಂದೆ ಸಾಗಿದರೆ, ಅಷ್ಟೇ ಆ ಹಕ್ಕಿಗೆ ನಮ್ಮಿಂದ ಬೇಕಾದ ಉಪಕಾರ.